ಪೀಡ್‌ಮಾಂಟ್ ಎಂಬ ಹೆಸರಿನ ದಾರಿ

ಅಮೆರಿಕದ ಉತ್ತರ ಕೆರೊಲಿನಾದ ಕಿಟಿ ಹಾಕ್ ಮರಳದಂಡೆಯಲ್ಲಿ ರೈಟ್ ಸಹೋದರರ ಯಂತ್ರ ನೆಲ ಬಿಟ್ಟು ಮೇಲೆದ್ದದ್ದು 1903ರ ಡಿಸೆಂಬರ್ 17ರಂದು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅದೇ ರಾಜ್ಯದ ಜನ ‘ಪೀಡ್‌ಮಾಂಟ್ ಏರ್ ಲೈನ್’ನಲ್ಲಿ ಪ್ರಯಾಣ ಮಾಡುತ್ತಿದ್ದರು. ಅವರು ಹತ್ತುತ್ತಿದ್ದದ್ದು ಉಗಿಬಂಡಿ. 1870ರ ದಶಕದಿಂದ ರಿಚ್ಮಂಡ್ ಅಂಡ್ ಡ್ಯಾನ್‌ವಿಲ್ ಎಂಬ ರೈಲ್ವೆ ಕಂಪನಿ ವರ್ಜೀನಿಯಾದಿಂದ ಅಟ್ಲಾಂಟಾ ಕಡೆಗೆ ಹೋಗುವ ತನ್ನ ಮಾರ್ಗವನ್ನು ಜಾಹೀರಾತುಗಳಲ್ಲಿ ಕರೆಯುತ್ತಿದ್ದದ್ದು ಹಾಗೆ. 1948ರಲ್ಲಿ ಅದೇ ನಾಡಿನಲ್ಲಿ ಪೀಡ್‌ಮಾಂಟ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆಯೊಂದು ಹಾರಾಟ ಶುರುಮಾಡಿತು. ನಲವತ್ತೊಂದು ವರ್ಷ ನಡೆದು 1989ರಲ್ಲಿ ಇನ್ನೊಂದು ಸಂಸ್ಥೆಯೊಳಗೆ ಕರಗಿಹೋಯಿತು. ಆ ಸಂಸ್ಥೆಯ ಚರಿತ್ರೆಯನ್ನು ಓದುತ್ತ ಹೋದಷ್ಟೂ, ಅದರ ಹೆಸರಿನ ಚರಿತ್ರೆ ಅದಕ್ಕಿಂತ ಬಹಳ ಹಳೆಯದು ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

ಮೊದಲು ಆ ಹೆಸರಿನ ಎರಡನೆಯ ಮಾತನ್ನೇ ನೋಡೋಣ. ಇಂದು ಏರ್‌ಲೈನ್ ಎಂದರೆ ವಿಮಾನ ಓಡಿಸುವ ಕಂಪನಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ‘ಏರ್ ಲೈನ್’ ಎಂದರೆ ಗಾಳಿಯಲ್ಲಿ ಎಳೆದ ಗೆರೆ. ನಡುವಿನ ಹಳ್ಳದಿಣ್ಣೆಗಳನ್ನು ಲೆಕ್ಕಕ್ಕೆ ಹಿಡಿಯದೆ ಊರಿನಿಂದ ಊರಿಗೆ ಅಳೆದ ನೇರ ದೂರ. ಸುತ್ತುಬಳಸಿ ಹೋಗುವ ಮಾರ್ಗಗಳ ನಡುವೆ ತಮ್ಮದೇ ಹತ್ತಿರದ ದಾರಿ ಎಂದು ಸಾರಲು ರೈಲ್ವೆ ಕಂಪನಿಗಳು ಈ ಮಾತನ್ನು ಹೆಸರಿಗೇ ಅಂಟಿಸಿಕೊಂಡವು. ಅಟ್ಲಾಂಟಾ ಅಂಡ್ ಶಾರ್ಲಟ್ ಏರ್ ಲೈನ್ ಅಂಥದ್ದೊಂದು. ಕರಾವಳಿಯ ಸೀಬೋರ್ಡ್ ಏರ್ ಲೈನ್ ಇನ್ನೊಂದು; ಅದು 1967ರವರೆಗೂ, ಜೆಟ್ ವಿಮಾನಗಳ ಕಾಲದಲ್ಲೂ, ಅದೇ ಹೆಸರಿನಲ್ಲಿ ರೈಲು ಓಡಿಸಿತು. 1927ರಲ್ಲಿ ಪೈಲಟ್ ಲಿಂಡ್‌ಬರ್ಗ್ ಒಬ್ಬರೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಹೊತ್ತಿನಲ್ಲಿ, ಇದು ವಿಮಾನ ಕಂಪನಿಯಿರಬೇಕು ಎಂದುಕೊಂಡು ಜನ ಅದರ ಷೇರು ಕೊಂಡರು ಎಂಬ ಕಥೆ ರೈಲ್ವೆ ಪ್ರಿಯರಲ್ಲಿ ಬಹಳ ಪ್ರಸಿದ್ಧ. ಮಾತು ಅಲ್ಲೇ ಇತ್ತು, ಅದರ ಅರ್ಥ ಮಾತ್ರ ಹಳಿ ಬಿಟ್ಟು ಮೇಲೇರಿತ್ತು.

ಇನ್ನು ಪೀಡ್‌ಮಾಂಟ್. ಇಟಲಿಯ ವಾಯವ್ಯದಲ್ಲಿ ಮೂರು ದಿಕ್ಕಿಗೆ ಬೆಟ್ಟಗಳು ಸುತ್ತುವರಿದ ನಾಡೊಂದಿದೆ: ಪಿಯೆಮೊಂತೆ. ಟುರಿನ್ ಅದರ ರಾಜಧಾನಿ. ಹನ್ನೆರಡನೆಯ ಶತಮಾನದ ಕೊನೆಯ ಲ್ಯಾಟಿನ್ ದಾಖಲೆಗಳಲ್ಲಿ ಇದು ‘ಪೆದೆಮೊಂಟಿಯುಮ್’ ಎಂದು ಕಾಣಿಸಿಕೊಳ್ಳುತ್ತದೆ. ಬೆಟ್ಟಗಳ ಪಾದದಲ್ಲಿ ಇರುವುದು ಎಂದು ಅರ್ಥ. ಬೆಟ್ಟವೆಂದರೆ ಇಲ್ಲಿ ಆಲ್ಪ್ಸ್. ಫ್ರೆಂಚರ ಬಾಯಲ್ಲಿ ಅದು ‘ಪಿಯೆಮೊಂ’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಪೀಡ್‌ಮಾಂಟ್’. ಈ ಪದದ ಮೊದಲ ಭಾಗ ಕನ್ನಡಿಗರಿಗೆ ಅಷ್ಟೇನೂ ದೂರದ್ದಲ್ಲ. ಲ್ಯಾಟಿನ್ನಿನ ‘ಪೆಸ್, ಪೆದಿಸ್’ಗೂ ಸಂಸ್ಕೃತದ ‘ಪಾದ’ಕ್ಕೂ ಮೂಲ ಒಂದೇ, ನಾವು ದಿನಾ ಆಡುವ ಪಾದ, ಪಾದಯಾತ್ರೆ, ಪಾದಚಾರಿಗಳೆಲ್ಲ ಆ ದೊಡ್ಡ ಕುಟುಂಬದವೇ. ಬೆಟ್ಟದ ಬುಡದ ಚಿಕ್ಕ ಗುಡ್ಡಕ್ಕೆ ‘ಪಾದ’ ಎನ್ನುವ ಬಳಕೆ ಅಮರಕೋಶದಲ್ಲೂ ಇದೆ. ಅಚ್ಚ ಕನ್ನಡ ಬೇರೆ ದಾರಿ ಹಿಡಿದಿದೆ. ನಾವು ಬೆಟ್ಟದ ಬುಡ ಎನ್ನುತ್ತೇವೆ, ತಪ್ಪಲು ಎನ್ನುತ್ತೇವೆ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೀಮೆಗೆ ಅರೆಮಲೆನಾಡು ಎನ್ನುತ್ತೇವೆ.

ಅರೆಮಲೆನಾಡು ಎಂಬ ಮಾತಿನ ಸ್ವಭಾವವೇ ಪೀಡ್‌ಮಾಂಟಿನದೂ. ಎರಡೂ ತಮ್ಮ ನೆಲದ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ನಿಂತ ದೊಡ್ಡದನ್ನು ತೋರಿಸಿ, ಅದರ ಲೆಕ್ಕದಲ್ಲಿ ತಮ್ಮ ಜಾಗ ಹೇಳುತ್ತವೆ. ಹಾಗಾಗಿಯೇ ಈ ಪದ ಊರು ಬಿಟ್ಟು ಹೋಗಲು ಸಾಧ್ಯವಾಯಿತು. ಬೆಟ್ಟವಿದ್ದಲ್ಲೆಲ್ಲ ಬುಡ ಇದ್ದೇ ಇರುತ್ತದಲ್ಲ. ಭೂವಿಜ್ಞಾನಿಗಳು ಇದನ್ನು ಸಾಮಾನ್ಯ ನಾಮವನ್ನಾಗಿ ಮಾಡಿಕೊಂಡರು. ಕಣಿವೆಯಿಂದ ಹೊರಬಂದು ಬಯಲಿನಲ್ಲಿ ಹರಡಿಕೊಳ್ಳುವ ಹಿಮನದಿಗೆ ಪೀಡ್‌ಮಾಂಟ್ ಹಿಮನದಿ ಎಂದೇ ಹೆಸರು. ಅಲಾಸ್ಕಾದ ಮಾಲಸ್ಪಿನಾ ಅದರ ದೊಡ್ಡ ಉದಾಹರಣೆ. ಹಿಮಾಲಯದ ತಪ್ಪಲಲ್ಲಿ ಹೊಳೆಗಳು ಕಲ್ಲು ಗುಂಡುಗಳನ್ನು ತಂದು ಸುರಿದು ತಾವೇ ಅದರಡಿ ಇಂಗಿಹೋಗುವ ಭಾಬರ್ ಪಟ್ಟಿಯನ್ನು ವಿವರಿಸುವಾಗಲೂ ಭೂಗೋಳದವರಿಗೆ ಈ ಮಾತು ಬೇಕು.

ಅಟ್ಲಾಂಟಿಕ್ ದಾಟಿ ಅದು ನೆಲೆನಿಂತದ್ದು ಅಪಲಾಚಿಯನ್ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿ. 1669–70ರಲ್ಲಿ ವರ್ಜೀನಿಯಾದ ಒಳನಾಡನ್ನು ಸುತ್ತಿದ ಜರ್ಮನ್ ಪ್ರವಾಸಿ ಜಾನ್ ಲೆಡರರ್ ಆ ನೆಲವನ್ನು ಮೂರಾಗಿ ಭಾಗಮಾಡಿದ್ದರು: ಸಮತಟ್ಟು, ಎತ್ತರದ ನೆಲ, ಬೆಟ್ಟ. ನಡುವಿನ ಆ ಎತ್ತರದ ನೆಲಕ್ಕೆ ಹದಿನೆಂಟನೆಯ ಶತಮಾನದ ನಡುಭಾಗದ ಹೊತ್ತಿಗೆ ಪೀಡ್‌ಮಾಂಟ್ ಎಂಬ ಹೆಸರು ಬಿತ್ತು. ನ್ಯೂಜೆರ್ಸಿಯಿಂದ ಅಲಬಾಮಾವರೆಗೆ ಚಾಚಿದ ಉದ್ದನೆಯ ಪಟ್ಟಿ ಅದು. ಕೆಂಪು ಜೇಡಿಮಣ್ಣು, ಅಲೆಅಲೆಯಾದ ದಿಣ್ಣೆಗಳು, ದಿಣ್ಣೆಗಳ ನಡುವೆ ರಭಸದ ಹೊಳೆಗಳು. ಹಳೆಯ ಗಟ್ಟಿ ಬಂಡೆಯ ನೆಲ ಮುಗಿದು ಕರಾವಳಿಯ ಮೆದುನೆಲ ಶುರುವಾಗುವ ಅಂಚಿನಲ್ಲಿ ಈ ಹೊಳೆಗಳು ಕಲ್ಲುಬಂಡೆಗಳ ಮೇಲೆ ಧುಮುಕುತ್ತವೆ. ಸಮುದ್ರದಿಂದ ಬಂದ ದೋಣಿ ಅಲ್ಲಿಂದ ಮುಂದೆ ಹೋಗದು. ದೋಣಿ ನಿಂತಲ್ಲಿ ಪೇಟೆ ಬೆಳೆಯಿತು: ರಿಚ್ಮಂಡ್, ಕೊಲಂಬಿಯಾ, ಅಗಸ್ಟಾ ಊರುಗಳು ಸಾಲಾಗಿ ಅದೇ ಅಂಚಿನಲ್ಲಿ ನಿಂತಿವೆ.

ಎರಡು ಪೀಡ್‌ಮಾಂಟ್‌ಗಳನ್ನೂ ಮೆಟ್ಟಿದ ಒಬ್ಬ ದೊಡ್ಡ ಮನುಷ್ಯನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಥಾಮಸ್ ಜೆಫರ್ಸನ್ ಹುಟ್ಟಿ ಬೆಳೆದದ್ದು ವರ್ಜೀನಿಯಾದ ಪೀಡ್‌ಮಾಂಟಿನಲ್ಲಿ. ಅಲ್ಲಿನ ಗುಡ್ಡದ ಮೇಲಿನ ತಮ್ಮ ಮನೆಗೆ ಅವರಿಟ್ಟ ಹೆಸರು ಮೊಂಟಿಚೆಲ್ಲೊ, ಇಟಾಲಿಯನ್ನಿನಲ್ಲಿ ಕಿರುಬೆಟ್ಟ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗ, 1787ರ ಏಪ್ರಿಲ್‌ನಲ್ಲಿ, ಅವರು ಆಲ್ಪ್ಸ್ ದಾಟಿ ಇಟಲಿಯ ಪೀಡ್‌ಮಾಂಟಿಗೆ ಇಳಿದರು. ಫ್ರೆಂಚರು ಕೆರೊಲಿನಾದ ಅಕ್ಕಿಗಿಂತ ಪೀಡ್‌ಮಾಂಟಿನ ಅಕ್ಕಿಯನ್ನು ಏಕೆ ಮೆಚ್ಚುತ್ತಾರೆ ಎಂಬುದು ಅವರ ಪ್ರಶ್ನೆ. ಗಿರಣಿಯ ಯಂತ್ರದಲ್ಲಿ ಗುಟ್ಟಿದೆ ಎಂದು ಹೋದವರಿಗೆ, ಭತ್ತದ ತಳಿಯೇ ಬೇರೆ ಎಂದು ವೆರ್ಚೆಲ್ಲಿಯ ಗದ್ದೆಸೀಮೆಯಲ್ಲಿ ತಿಳಿಯಿತು. ಆ ಭತ್ತವನ್ನು ನಾಡಿನಿಂದ ಹೊರಗೆ ಒಯ್ಯುವುದಕ್ಕೆ ಕಟ್ಟುನಿಟ್ಟಾದ ನಿಷೇಧವಿತ್ತು. ಜೆಫರ್ಸನ್ ಕೋಟಿನ ಜೇಬುಗಳಲ್ಲಿ ಭತ್ತ ತುಂಬಿಕೊಂಡು ಗಡಿ ದಾಟಿದರು, ಅದನ್ನು ದಕ್ಷಿಣ ಕೆರೊಲಿನಾದ ರೈತರಿಗೆ ಕಳಿಸಿಕೊಟ್ಟರು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪೀಡ್‌ಮಾಂಟ್ ಎಂಬುದು ಭೂಗೋಳದ ಮಾತಷ್ಟೇ ಆಗಿ ಉಳಿಯಲಿಲ್ಲ. ಹೊಳೆಯ ನೀರಿನ ಬಲಕ್ಕೆ ಹತ್ತಿ ಗಿರಣಿಗಳು ಬಂದವು, ಕೆಂಪುಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆಯಿತು. ದಕ್ಷಿಣ ಕೆರೊಲಿನಾದ ಒಂದು ಗಿರಣಿಗೂ ಅದರ ಸುತ್ತ ಎದ್ದ ಊರಿಗೂ ಪೀಡ್‌ಮಾಂಟ್ ಎಂದೇ ಹೆಸರು. ಪೀಡ್‌ಮಾಂಟ್ ಸಿಗರೇಟು ಬಂತು. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದಲ್ಲಿ ಇಡುತ್ತಿದ್ದ ಬೇಸ್‌ಬಾಲ್ ಆಟಗಾರರ ಚೀಟಿಗಳ ಬೆನ್ನಿಗೆ ಆ ಹೆಸರು ಅಚ್ಚಾಯಿತು. ಸಂಗ್ರಾಹಕರು ಲಕ್ಷಾಂತರ ಡಾಲರ್ ಸುರಿಯುವ ಹೋನಸ್ ವ್ಯಾಗ್ನರ್ ಚೀಟಿ ಇದೇ ಸರಣಿಯದು. ರೈಲಿನ ಮಾತು ಮೊದಲೇ ಬಂದಿದೆ. ರಿಚ್ಮಂಡ್ ಅಂಡ್ ಡ್ಯಾನ್‌ವಿಲ್ ದಿವಾಳಿಯಾದ ಮೇಲೆ ಅದರ ಹಳಿಗಳೆಲ್ಲ 1894ರಲ್ಲಿ ಹುಟ್ಟಿದ ಸದರ್ನ್ ರೈಲ್ವೆಯ ಪಾಲಾದವು. ಪದವಂತೂ ಹಳಿಯಿಂದ ಪೂರ್ತಿ ಇಳಿಯಲೇ ಇಲ್ಲ: 1995ರಿಂದ ರಾಲಿ ಮತ್ತು ಶಾರ್ಲಟ್ ನಡುವೆ ಓಡುತ್ತಿರುವ ಆಮ್ಟ್ರಾಕ್ ರೈಲಿನ ಹೆಸರು ಪೀಡ್‌ಮಾಂಟ್.

ಹೀಗೆ ಊರಲ್ಲೆಲ್ಲ ಓಡಾಡಿಕೊಂಡಿದ್ದ ಹೆಸರನ್ನು ಎತ್ತಿ ವಿಮಾನಕ್ಕಿಟ್ಟವರು ಥಾಮಸ್ ಹೆನ್ರಿ ಡೇವಿಸ್. 1918ರಲ್ಲಿ ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ ಹುಟ್ಟಿದವರು. ಆಸ್ತಮಾ ಇದ್ದುದರಿಂದ ಒಣಹವೆಯ ಅರಿಜೋನಾಕ್ಕೆ ಓದಲು ಹೋದರು, ಆದರೆ ಮನಸ್ಸೆಲ್ಲ ಹಾರಾಟದಲ್ಲಿತ್ತು. ಊರಿಗೆ ಮರಳಿ ಒಂದು ಚಿಕ್ಕ ಕಂಪನಿಯಲ್ಲಿ ವಿಮಾನ ಮಾರುವ ಕೆಲಸ ಹಿಡಿದರು. ಕಂಪನಿಯ ಹೆಸರು ಕ್ಯಾಮೆಲ್ ಸಿಟಿ ಫ್ಲೈಯಿಂಗ್ ಸರ್ವಿಸ್. ಆ ಊರಿನ ಆರ್. ಜೆ. ರೆನಾಲ್ಡ್ಸ್ ಕಂಪನಿ 1913ರಿಂದ ತಯಾರಿಸುತ್ತಿದ್ದ ಕ್ಯಾಮೆಲ್ ಸಿಗರೇಟಿನಿಂದ ಊರಿಗೇ ‘ಕ್ಯಾಮೆಲ್ ಸಿಟಿ’ ಎಂಬ ಅಡ್ಡಹೆಸರು ಬಿದ್ದಿತ್ತು. 1940ರಲ್ಲಿ, ಇನ್ನೂ ಇಪ್ಪತ್ತೆರಡು ವಯಸ್ಸಿನಲ್ಲಿ, ಡೇವಿಸ್ ಆ ಕಂಪನಿಯನ್ನು ತಮ್ಮದಾಗಿಸಿಕೊಂಡು ಅದಕ್ಕೆ ಪೀಡ್‌ಮಾಂಟ್ ಏವಿಯೇಷನ್ ಎಂದು ಹೆಸರಿಟ್ಟರು. ಒಂದು ಊರಿನ, ಒಂದು ಸಿಗರೇಟಿನ ಹೆಸರನ್ನು ಬಿಟ್ಟು ಒಂದು ಇಡೀ ಸೀಮೆಯ ಹೆಸರನ್ನು ಹಿಡಿದ ಈ ನಿರ್ಧಾರದಲ್ಲಿ ದೊಡ್ಡ ಕನಸು ಇತ್ತು ಎಂದೇ ನನ್ನ ನಂಬಿಕೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಟ್ಟು ಕಂಪನಿ ಬದುಕಿತು. ಯುದ್ಧ ಮುಗಿಯುತ್ತಿದ್ದಂತೆ ವಾಷಿಂಗ್ಟನ್ನಿನ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಹೊಸ ಬಗೆಯ ವಿಮಾನ ಸೇವೆಗೆ ಅನುಮತಿ ಕೊಡಲು ಮುಂದಾಯಿತು. ಯಾವ ಸಂಸ್ಥೆ ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ದರ ತೆಗೆದುಕೊಳ್ಳಬೇಕು ಎಂಬುದೆಲ್ಲ ಆಗ ಈ ಮಂಡಳಿಯ ಕೈಯಲ್ಲಿತ್ತು. ದೊಡ್ಡ ನಗರಗಳ ನಡುವಿನ ಲಾಭದ ದಾರಿಗಳು ಈಸ್ಟರ್ನ್, ಡೆಲ್ಟಾ, ಅಮೆರಿಕನ್, ಯುನೈಟೆಡ್ ಮೊದಲಾದ ‘ಟ್ರಂಕ್’ ಸಂಸ್ಥೆಗಳಿಗೆ. ಸಣ್ಣ ಊರುಗಳ ಜನರನ್ನು ಅವುಗಳ ಬಳಿ ತಂದು ಬಿಡುವ ಕೆಲಸ ಹೊಸಬರಿಗೆ, ಅದೂ ಅಂಚೆ ಸಾಗಣೆಯ ಹೆಸರಿನಲ್ಲಿ ಸಿಗುವ ಸರ್ಕಾರಿ ಸಹಾಯಧನದ ಆಸರೆಯಲ್ಲಿ. ‘ಲೋಕಲ್ ಸರ್ವಿಸ್’ ಎಂದು ಇವುಗಳನ್ನು ಕರೆದರು. ಬೆಟ್ಟದ ಬುಡ ಎಂಬ ಹೆಸರಿಟ್ಟುಕೊಂಡ ಸಂಸ್ಥೆಗೆ ಸಿಕ್ಕ ಸ್ಥಾನವೂ ದೊಡ್ಡವರ ಬುಡದ್ದೇ.

ಆ ಸ್ಥಾನವೂ ಸುಲಭವಾಗಿ ಸಿಗಲಿಲ್ಲ. ಮಂಡಳಿ ಪೀಡ್‌ಮಾಂಟಿಗೆ ಮಾರ್ಗ ಕೊಟ್ಟಾಗ, ಅದೇ ದಾರಿಗಾಗಿ ಅರ್ಜಿ ಹಾಕಿದ್ದ ಸ್ಟೇಟ್ ಏರ್‌ಲೈನ್ಸ್ ಎಂಬ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಅದು ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದೂಬಿಟ್ಟಿತು. ಕೊನೆಗೆ 1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಂಡಳಿಯ ತೀರ್ಮಾನವನ್ನು ಎತ್ತಿಹಿಡಿದ ಮೇಲೆ ಡೇವಿಸ್ ನಿರಾಳವಾಗಿ ಉಸಿರಾಡುವಂತಾಯಿತು. ಅಷ್ಟರಲ್ಲಿ ಪೀಡ್‌ಮಾಂಟ್ ಎರಡು ವರ್ಷ ಹಾರಿಯೂ ಆಗಿತ್ತು. ಮೊದಲ ನಿಗದಿತ ವಿಮಾನ 1948ರ ಫೆಬ್ರವರಿ 20ರಂದು ಸಮುದ್ರದಂಡೆಯ ವಿಲ್ಮಿಂಗ್ಟನ್ನಿನಿಂದ ಹೊರಟು, ಶಾರ್ಲಟ್, ಆಶ್‌ವಿಲ್ ಮೊದಲಾದ ಊರುಗಳಲ್ಲಿ ಇಳಿದೇಳುತ್ತ ಬೆಟ್ಟಸಾಲಿನಾಚೆಯ ಸಿನ್ಸಿನಾಟಿಗೆ ಹೋಯಿತು. ಕರಾವಳಿ, ಪೀಡ್‌ಮಾಂಟ್, ಬೆಟ್ಟ: ಲೆಡರರ್ ಗುರುತಿಸಿದ ಮೂರು ನೆಲಗಳನ್ನೂ ಆ ಒಂದು ದಾರಿ ದಾಟುತ್ತಿತ್ತು.

ವಿಮಾನ ಡಗ್ಲಸ್ ಡಿಸಿ-3. ಬಾಲದಡಿ ಚಿಕ್ಕ ಚಕ್ರ ಇರುವುದರಿಂದ ನೆಲದ ಮೇಲೆ ನಿಂತಾಗ ಅದರ ಮೂಗು ಮೇಲೆ, ಬಾಲ ಕೆಳಗೆ. ಹಿಂಬದಿಯ ಎಡಬಾಗಿಲಿನಿಂದ ಒಳಗೆ ಕಾಲಿಟ್ಟ ಪ್ರಯಾಣಿಕರು ಏರು ಹತ್ತಿದಂತೆ ನಡೆದು ತಮ್ಮ ಸೀಟಿಗೆ ಹೋಗಬೇಕು. ಲೋಕಲ್ ಸರ್ವಿಸ್ ಸಂಸ್ಥೆಗಳ ನಿಲುಗಡೆ ಕೆಲವೇ ನಿಮಿಷಗಳದ್ದು. ಬಾಗಿಲಿನ ಕಡೆಯ ಎಡ ಎಂಜಿನನ್ನು ಮಾತ್ರ ನಿಲ್ಲಿಸಿ, ಬಲದ್ದನ್ನು ತಿರುಗಲು ಬಿಟ್ಟು, ಅಷ್ಟರಲ್ಲೇ ಜನರನ್ನು ಇಳಿಸಿ ಹತ್ತಿಸಿ, ಅಂಚೆಚೀಲ ಬದಲಾಯಿಸಿ ಮತ್ತೆ ಮೇಲೇಳುವುದು ವಾಡಿಕೆ. ಪೀಡ್‌ಮಾಂಟಿನ ಪ್ರತಿ ವಿಮಾನಕ್ಕೂ ಒಂದು ಹೆಸರು, ಹೆಸರಿನ ಕೊನೆಗೆ ‘ಪೇಸ್‌ಮೇಕರ್’ ಎಂಬ ಮಾತು. ‘ಪೊಟೊಮ್ಯಾಕ್ ಪೇಸ್‌ಮೇಕರ್’ ಎಂಬ ಡಿಸಿ-3 ಈಗಲೂ ಉತ್ತರ ಕೆರೊಲಿನಾದ ಸ್ಪೆನ್ಸರ್ ಊರಿನ ಸಾರಿಗೆ ವಸ್ತುಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯ ಇರುವುದು ಸದರ್ನ್ ರೈಲ್ವೆ 1896ರಲ್ಲಿ ಕಟ್ಟಿದ ಎಂಜಿನ್ ರಿಪೇರಿ ಕಾರ್ಖಾನೆಯ ಆವರಣದಲ್ಲಿ. ಹಳಿಯ ಮೇಲಿನ ಪೀಡ್‌ಮಾಂಟ್ ಏರ್ ಲೈನಿನ ವಾರಸುದಾರರ ಅಂಗಳದಲ್ಲಿ ಬಾನಿನ ಪೀಡ್‌ಮಾಂಟ್ ಏರ್‌ಲೈನ್ಸ್ ಬಂದು ನಿಂತಿದೆ.

ಬೆಟ್ಟದ ಪಕ್ಕದ ಹಾರಾಟ ಪ್ರಾಣಕ್ಕೆ ಎರವಾದದ್ದೂ ಇದೆ. 1959ರ ಅಕ್ಟೋಬರ್ 30ರ ರಾತ್ರಿ ಶಾರ್ಲಟ್ಸ್‌ವಿಲ್‌ನಲ್ಲಿ ಇಳಿಯಬೇಕಿದ್ದ ಡಿಸಿ-3 ದಾರಿ ತಪ್ಪಿ ಬಕ್ಸ್ ಎಲ್ಬೋ ಎಂಬ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 27 ಮಂದಿಯಲ್ಲಿ ಬದುಕುಳಿದವರು ಒಬ್ಬರೇ. 1967ರ ಜುಲೈ 19ರಂದು ಆಶ್‌ವಿಲ್‌ನಿಂದ ಮೇಲೆದ್ದ ಬೋಯಿಂಗ್ 727 ಹೆಂಡರ್ಸನ್‌ವಿಲ್ ಮೇಲೆ ಸಣ್ಣ ಸೆಸ್ನಾ ವಿಮಾನಕ್ಕೆ ಡಿಕ್ಕಿಯಾಗಿ 82 ಜನ ತೀರಿಕೊಂಡರು. ನೌಕಾಪಡೆಯ ಕಾರ್ಯದರ್ಶಿಯಾಗಿ ಅಧಿಕಾರ ವಹಿಸಿಕೊಳ್ಳಬೇಕಿದ್ದ ಜಾನ್ ಮೆಕ್‌ನಾಟನ್, ಅವರ ಹೆಂಡತಿ ಮತ್ತು ಒಬ್ಬ ಮಗ ಅವರಲ್ಲಿದ್ದರು. ಚಿಕ್ಕ ಸಂಸ್ಥೆಗೆ ಇವು ಸಣ್ಣ ಪೆಟ್ಟುಗಳಲ್ಲ.

ಆದರೂ ಸಂಸ್ಥೆ ಬೆಳೆಯುತ್ತಲೇ ಹೋಯಿತು. ಫೇರ್‌ಚೈಲ್ಡ್, ಮಾರ್ಟಿನ್, ಜಪಾನಿನ ವೈಎಸ್-11, ಆಮೇಲೆ ಬೋಯಿಂಗ್ 737. 1978ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ವಿಮಾನಯಾನದ ಮೇಲಿನ ಹಿಡಿತವನ್ನು ಸಡಿಲಿಸಿತು. ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹಾರಬಹುದು ಎಂದಾಯಿತು. ಅನೇಕ ಸಂಸ್ಥೆಗಳು ಎದ್ದುಬಿದ್ದು ದೊಡ್ಡ ನಗರಗಳತ್ತ ನುಗ್ಗಿದವು. ಡೇವಿಸ್ ಮಾಡಿದ್ದು ಅದಕ್ಕಿಂತ ಜಾಣತನದ ಕೆಲಸ. ಬೇರೆಯವರು ಅಷ್ಟಾಗಿ ಕಣ್ಣುಹಾಕದ ಮಧ್ಯಮ ಊರುಗಳನ್ನೇ ಕೇಂದ್ರ ಮಾಡಿಕೊಂಡರು: ಮೊದಲು ಶಾರ್ಲಟ್, 1982ರಲ್ಲಿ ಓಹಾಯೊದ ಡೇಟನ್, ಮರುವರ್ಷ ಬಾಲ್ಟಿಮೋರ್. ಸುತ್ತಲಿನ ಸಣ್ಣ ಊರುಗಳಿಂದ ವಿಮಾನಗಳು ಒಂದೇ ಹೊತ್ತಿಗೆ ಬಂದು ಸೇರಿ, ಪ್ರಯಾಣಿಕರನ್ನು ಅದಲುಬದಲು ಮಾಡಿಕೊಂಡು, ಮತ್ತೆ ಒಟ್ಟಿಗೆ ಚದುರುವ ವ್ಯವಸ್ಥೆ. ಸಣ್ಣ ಊರುಗಳನ್ನು ಮೂವತ್ತು ವರ್ಷ ಬಲ್ಲವರಿಗೆ ಇದು ಕರತಲಾಮಲಕ. 1983ರಲ್ಲಿ ಡೇವಿಸ್ ನಿವೃತ್ತರಾದರು. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಪೈರ್ ಏರ್‌ಲೈನ್ಸನ್ನು ಕೊಂಡಾಗ ಸಿರಕ್ಯೂಸ್ ಕೂಡ ಕೈಗೆ ಬಂತು. 1987ರಲ್ಲಿ ಶಾರ್ಲಟ್‌ನಿಂದ ಲಂಡನ್ನಿಗೆ ಬೋಯಿಂಗ್ 767 ಹಾರಿತು. ಯೂರೋಪಿನಿಂದ ವಲಸೆ ಬಂದಿದ್ದ ಹೆಸರು ವಿಮಾನದ ಮೈಮೇಲೆ ಬರೆಸಿಕೊಂಡು ಯೂರೋಪಿಗೆ ಹೋಯಿತು.

ಅದೇ ವರ್ಷ ಅದರ ಮಾರಾಟವೂ ಆಯಿತು. ಕೊಂಡವರು ಯುಎಸ್ ಏರ್. ಈ ಸಂಸ್ಥೆಯ ಪೂರ್ವಾಶ್ರಮದ ಹೆಸರು ಅಲ್ಲೆಗೆನಿ ಏರ್‌ಲೈನ್ಸ್. ಅಲ್ಲೆಗೆನಿ ಎಂಬುದು ಅಪಲಾಚಿಯನ್ನಿನದೇ ಒಂದು ಬೆಟ್ಟಸಾಲು. ಒಂದಕ್ಕೆ ಬೆಟ್ಟದ ಹೆಸರು, ಇನ್ನೊಂದಕ್ಕೆ ಬೆಟ್ಟದ ಬುಡದ ಹೆಸರು. ಎರಡೂ ಲೋಕಲ್ ಸರ್ವಿಸ್ ಮನೆತನದವೇ. ಆದರೆ ಸೀಮೆಯ ಹೆಸರು ತನ್ನನ್ನು ಸಣ್ಣದಾಗಿ ತೋರಿಸುತ್ತದೆ ಎಂದು ಅಲ್ಲೆಗೆನಿ 1979ರಲ್ಲಿ ಅದನ್ನು ಕಳಚಿ, ಇಡೀ ದೇಶವನ್ನೇ ಹೆಸರಿಗೆ ತೊಡಿಸಿಕೊಂಡಿತ್ತು. ಪೀಡ್‌ಮಾಂಟ್ ಲಂಡನ್ನಿಗೆ ಹೋದರೂ ಪೀಡ್‌ಮಾಂಟಾಗಿಯೇ ಹೋಯಿತು. ನನಗೆ ಇದು ಬಹಳ ಹಿಡಿಸುತ್ತದೆ.

ಮಾರಾಟದ ಹೊತ್ತಿನ ಒಂದು ಸಂಗತಿ ಚರಿತ್ರೆಯ ಅಡಿಟಿಪ್ಪಣಿಗಳಲ್ಲಿ ಕಳೆದುಹೋಗಬಾರದು. 1987ರಲ್ಲಿ ಪೀಡ್‌ಮಾಂಟನ್ನು ಕೊಳ್ಳಲು ಬಯಸಿದ್ದವರಲ್ಲಿ ನಾರ್ಫೋಕ್ ಸದರ್ನ್ ಎಂಬ ರೈಲ್ವೆ ಕಂಪನಿಯೂ ಇತ್ತು. ಪೀಡ್‌ಮಾಂಟಿನ ಷೇರುಗಳಲ್ಲಿ ಅದರದು ಆಗಲೇ ದೊಡ್ಡ ಪಾಲು. 1982ರಲ್ಲಿ ಸದರ್ನ್ ರೈಲ್ವೆ ಮತ್ತು ನಾರ್ಫೋಕ್ ಅಂಡ್ ವೆಸ್ಟರ್ನ್ ಸೇರಿ ಆದ ಕಂಪನಿ ಅದು. ಎಂದರೆ, ನೂರು ವರ್ಷ ಹಿಂದೆ ಪೀಡ್‌ಮಾಂಟ್ ಏರ್ ಲೈನ್ ಎಂದು ರೈಲು ಓಡಿಸಿದವರ ನೇರ ವಂಶಸ್ಥರು ಪೀಡ್‌ಮಾಂಟ್ ಏರ್‌ಲೈನ್ಸಿನ ಒಡೆಯರಾಗುವ ಹೊಸ್ತಿಲವರೆಗೂ ಬಂದಿದ್ದರು. ಕೊನೆಗೆ ಯುಎಸ್ ಏರ್ ಸುಮಾರು 159 ಕೋಟಿ ಡಾಲರ್ ಕೊಟ್ಟು ಗೆದ್ದಿತು. 1989ರ ಆಗಸ್ಟ್ 5ರಂದು ಎರಡೂ ಒಂದಾದವು, ಪೀಡ್‌ಮಾಂಟ್ ಹೆಸರಿನ ಜೆಟ್‌ಗಳು ಇಲ್ಲವಾದವು. ಶಾರ್ಲಟ್ ಕೇಂದ್ರ ಮಾತ್ರ ಉಳಿದು ಬೆಳೆದು, ಇಂದು ಅಮೆರಿಕದ ಅತಿ ದಟ್ಟಣೆಯ ವಿಮಾನ ನಿಲ್ದಾಣಗಳಲ್ಲಿ ಒಂದಾಗಿದೆ. ಡೇವಿಸ್ 1999ರಲ್ಲಿ ತೀರಿಕೊಂಡರು.

ಹೆಸರನ್ನು ಮಾತ್ರ ಯುಎಸ್ ಏರ್ ಬಿಟ್ಟುಕೊಡಲಿಲ್ಲ. ಬಳಸದೆ ಬಿಟ್ಟ ವ್ಯಾಪಾರನಾಮದ ಮೇಲಿನ ಹಕ್ಕು ಕಾಲಕ್ರಮೇಣ ತಪ್ಪಿಹೋಗಬಹುದು. ಬೇರೆ ಯಾರೋ ಎತ್ತಿಕೊಂಡಾರು. ಅದಕ್ಕಾಗಿ ತಾನು ನುಂಗಿದ ಸಂಸ್ಥೆಗಳ ಹೆಸರುಗಳನ್ನು ತನ್ನ ಕೈಕೆಳಗಿನ ಚಿಕ್ಕ ಕಂಪನಿಗಳಿಗೆ ಹಂಚಿತು. ಮೇರಿಲ್ಯಾಂಡಿನ ಸಾಲ್ಸ್‌ಬರಿಯ ಹೆನ್ಸನ್ ಏವಿಯೇಷನ್ನನ್ನು ಪೀಡ್‌ಮಾಂಟ್ 1983ರಲ್ಲೇ ಕೊಂಡಿತ್ತು. ಅದನ್ನು ಕಟ್ಟಿದವರು ರಿಚರ್ಡ್ ಹೆನ್ಸನ್ ಎಂಬ ಹಳೆಯ ಪರೀಕ್ಷಾ ಪೈಲಟ್. 1993ರಲ್ಲಿ ಹೆನ್ಸನ್ ಹೆಸರನ್ನು ತೆಗೆದು ಆ ಕಂಪನಿಗೆ ಪೀಡ್‌ಮಾಂಟ್ ಏರ್‌ಲೈನ್ಸ್ ಎಂದು ಹೆಸರಿಟ್ಟರು. ಸಾಲ್ಸ್‌ಬರಿ ಸಮುದ್ರಕ್ಕೆ ಹತ್ತಿರದ ಚಪ್ಪಟೆ ನೆಲದ ಊರು. ಸುತ್ತ ಬೆಟ್ಟವೂ ಇಲ್ಲ, ಬೆಟ್ಟದ ಬುಡವೂ ಇಲ್ಲ. ಎಂಟು ಶತಮಾನ ಹಿಂದೆ ಬೆಟ್ಟದ ನೆರಳಲ್ಲಿ ಹುಟ್ಟಿದ ಪದ ಬೆಟ್ಟವೇ ಇಲ್ಲದ ಕಡೆ ಹೋಗಿ ಕೂತಿತು.

ಅಲ್ಲಿಂದಲೇ ಅದು ಮತ್ತೆ ಬೆಳೆಯಿತು. ಹೀಗೆಯೇ ಹೆಸರು ಪಡೆದು ಇನ್ನೊಂದು ಚಿಕ್ಕ ಕಂಪನಿ ಅಲ್ಲೆಗೆನಿ ಆಗಿತ್ತು. 2004ರಲ್ಲಿ ಅದನ್ನು ಪೀಡ್‌ಮಾಂಟಿನೊಳಗೆ ಸೇರಿಸಿದರು. ಯುಎಸ್ ಏರ್ ತಾನು ಯುಎಸ್ ಏರ್‌ವೇಸ್ ಆಯಿತು, 2005ರಲ್ಲಿ ಅಮೆರಿಕ ವೆಸ್ಟ್ ಜೊತೆ ಸೇರಿತು, 2013ರ ಡಿಸೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಒಂದಾಯಿತು. 2015ರ ಅಕ್ಟೋಬರ್‌ನಲ್ಲಿ ಯುಎಸ್ ಏರ್‌ವೇಸ್ ಎಂಬ ಹೆಸರು ಕೊನೆಯ ಸಲ ಹಾರಿತು. ಶಾರ್ಲಟ್‌ನಲ್ಲಿ ಒಂದು ಕಾಲಕ್ಕೆ ಪೀಡ್‌ಮಾಂಟಿಗಿಂತ ದೊಡ್ಡದಾಗಿ ಮೆರೆದಿದ್ದ ಈಸ್ಟರ್ನ್ 1991ರಲ್ಲೇ ಮುಚ್ಚಿಹೋಗಿತ್ತು. ಕೊಂಡವರ ಹೆಸರು ಹೋಯಿತು, ಎದುರಾಳಿಯ ಹೆಸರು ಹೋಯಿತು, ಮಾರಿಕೊಂಡ ಹೆಸರು ಇದೆ. ಪೀಡ್‌ಮಾಂಟಿನ ಹಳೆಯ ಬಣ್ಣ ಬಳಿದ ಒಂದು ಏರ್‌ಬಸ್ ಎ-319ನ್ನು ಅಮೆರಿಕನ್ ನೆನಪಿಗೆಂದು ಹಾರಿಸುತ್ತ ಬಂದಿದೆ.

ಈಗಿನ ಪೀಡ್‌ಮಾಂಟ್ ಅಮೆರಿಕನ್ನಿನ ಸ್ವಂತ ಅಂಗಸಂಸ್ಥೆ. ಐವತ್ತು ಸೀಟಿನ ಎಂಬ್ರಾಯರ್ 145 ಜೆಟ್‌ಗಳಲ್ಲಿ ಸಣ್ಣ ಊರುಗಳ ಜನರನ್ನು ಶಾರ್ಲಟ್‌ಗೂ ಫಿಲಡೆಲ್ಫಿಯಾಕ್ಕೂ ತಂದು ಮುಟ್ಟಿಸುತ್ತದೆ. 1948ರಲ್ಲಿ ಡಿಸಿ-3ಗಳು ಮಾಡುತ್ತಿದ್ದ ಕೆಲಸವೇ. ವಿಮಾನದ ಮೈಮೇಲೆ ದೊಡ್ಡಕ್ಷರದಲ್ಲಿ ಇರುವುದು ಅಮೆರಿಕನ್ ಈಗಲ್ ಎಂದು. ಒಳಗೆ ಕೂತ ಪ್ರಯಾಣಿಕರಲ್ಲಿ ಎಷ್ಟೋ ಜನರಿಗೆ ತಾವು ಯಾವ ಹೆಸರಿನಡಿ ಹಾರುತ್ತಿದ್ದೇವೆ ಎಂಬುದೇ ಗೊತ್ತಿರಲಿಕ್ಕಿಲ್ಲ. ಅದನ್ನು ದಿನವೂ ಬಾಯ್ತುಂಬ ಕರೆಯುವವರು ಪೈಲಟ್‌ಗಳು ಮತ್ತು ವಾಯುಸಂಚಾರ ನಿಯಂತ್ರಕರು. ರೇಡಿಯೊದಲ್ಲಿ ಆ ವಿಮಾನಗಳ ಕರೆಹೆಸರು ‘ಪೀಡ್‌ಮಾಂಟ್’, ಅದರ ಹಿಂದೆಯೇ ವಿಮಾನದ ಸಂಖ್ಯೆ.